ನೂರೊಂದು ಯಾರಿಗೆ

ಬಸ್‌ಸ್ಟ್ಯಾಂಡಿನಿಂದ ಯಾರ್ಡಿಗೆ ಆಟೋದಲ್ಲಿ ಬರುವಾಗ ಸುಜಾತಾ ತನ್ನಷ್ಟಕ್ಕೆ ತಾನು ನಗುತ್ತಿದ್ದಳು. ಅದನ್ನು ಕನ್ನಡಿಯಲ್ಲಿ ಕಂಡ ಆಟೋದವನು ಏನೋ ಕೇಳಲು ಹೋಗಿ, ಅವಳ ಮುಖದ ಗತ್ತು ನೋಡಿ ಬಾಯಿ ಮುಚ್ಚಿಕೊಂಡ. ಹಿಂದಿನ ಸೀಟಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡ ಹೆಂಗಸು ಒಂದು ಇಡೀ ಯಾರ್ಡನ್ನು ತಲೆಯೊಳಗೆ ಇಟ್ಟುಕೊಂಡು ಹೊರಟಿದ್ದಾಳೆಂದು ಅವನಿಗೇನು ಗೊತ್ತು. ಹರಪನಹಳ್ಳಿಯ ಮೆಕ್ಕೆಜೋಳದ ವರ್ತಕರು ಊರಾಚೆ ಸ್ವಂತ ಹಣ ಹಾಕಿ ಕಟ್ಟಿಸಿಕೊಂಡ ಹೊಸ ಯಾರ್ಡು ಅದು. ನಾಲ್ಕು ಸಾಲು ಅಂಗಡಿ, ಅಂಗಡಿಗೊಂದು ಕಂಪ್ಯೂಟರು, ಒಂದು ತೂಕದ ಯಂತ್ರ, ಬಾಗಿಲಿಗೊಂದು ಕ್ಯಾಮರಾ. ಅಷ್ಟೂ ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ನೆಟ್‌ವರ್ಕಿನ ನಕ್ಷೆ ಹಾಕಿದವಳು ಅವಳೊಬ್ಬಳೇ. ಇಷ್ಟು ದಿನ ಚೀಟಿ ಬರೆದು ಡಬ್ಬಿಗೆ ಹಾಕುತ್ತಿದ್ದ ಟೆಂಡರಿನ ದರವನ್ನು ಇವತ್ತು ಮಧ್ಯಾಹ್ನ ಮೊದಲ ಸಲ ಗಾದಿಯ ಮೇಲೆ ಕೂತಲ್ಲಿಂದಲೇ ಒತ್ತಿ ಕಳಿಸುತ್ತಾರೆ. ಇದೊಂದು ದಡ ಮುಟ್ಟಿದರೆ ಕೊಟ್ಟೂರು, ಹಡಗಲಿಯ ಯಾರ್ಡುಗಳ ಕೆಲಸವೂ ನಿನಗೇ ಎಂದು ಸಂಘದ ಅಧ್ಯಕ್ಷ ಶಿವಯೋಗಪ್ಪನವರು ಹೇಳಿದ್ದರು. ಮುಟ್ಟದಿದ್ದರೆ ನಕ್ಷೆ ಮೂಲೆಗೆ ಹಾಕಿ ದಾವಣಗೆರೆಯವರನ್ನು ಕರೆಸುತ್ತಾರೆ ಎನ್ನುವುದನ್ನು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ನಕ್ಷೆ ಅಂದರೆ ಗೆರೆ ಎಳೆದ ಚಿತ್ರವಲ್ಲ, ಪಾಲು. ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ವಿಳಾಸ ಬೇಕು. ಹತ್ತು, ಇಪ್ಪತ್ತು, ಮೂವತ್ತು ಎಲ್ಲರಿಗೂ ಒಂದೇ, ಆಮೇಲೆ ಒಂದು ಕೊನೆಯ ಅಂಕಿ. ಆ ಕೊನೆಯ ಅಂಕಿಗೆ ಸೊನ್ನೆಯಿಂದ ಇನ್ನೂರ ಐವತ್ತೈದರ ತನಕ ಜಾಗ, ಒಟ್ಟು ಇನ್ನೂರ ಐವತ್ತಾರು. ಅದನ್ನು ಅರ್ಧ ಮಾಡಿ, ಅರ್ಧವನ್ನು ಮತ್ತೆ ಅರ್ಧ ಮಾಡಿ, ಸಾಲಿಗೆ ಅರವತ್ತನಾಲ್ಕರಂತೆ ಅವಳು ನಾಲ್ಕು ಗುಡ್ಡೆ ಹಾಕಿದ್ದಳು. ಗುಡ್ಡೆಯ ಮೊದಲ ನಂಬರು ಗುಡ್ಡೆಯದೇ ಹೆಸರು, ಕೊನೆಯದು ಗುಡ್ಡೆಯವರನ್ನೆಲ್ಲ ಒಟ್ಟಿಗೆ ಕೂಗಿ ಕರೆಯಲಿಕ್ಕೆ; ಆ ಎರಡನ್ನು ಯಾರಿಗೂ ಕೊಡುವಂತಿಲ್ಲ. ಇನ್ನೊಂದು, ಸಾಲಿನಿಂದ ಹೊರಗೆ ಹೋಗುವ ಬಾಗಿಲಿಗೆ. ಉಳಿದ ಅರವತ್ತೊಂದರಲ್ಲಿ ಇಪ್ಪತ್ತು ಅಂಗಡಿಯ ಅರವತ್ತು ಯಂತ್ರ ಕೂತು ಮಿಕ್ಕಿದ್ದು ಒಂದೇ ಒಂದು. ಚೆಲ್ಲಲಿಲ್ಲ, ಸಾಲದೆ ಬರಲಿಲ್ಲ. ಹಾಗೆ ನೋಡಿದರೆ ಒಳಗಿನ ನೆಟ್‌ವರ್ಕಿನ ನಂಬರು ಗೋಮಾಳದ ಹುಲ್ಲು, ಸಾಲಿಗೆ ಇನ್ನೂರ ಐವತ್ತಾರು ಕೊಟ್ಟಿದ್ದರೂ ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ. ಆದರೆ ಇದ್ದಾಗ ಬಾಚಿ ಕೊಡುವುದು ಯಾರಿಗೆ ಬರುವುದಿಲ್ಲ? ಬಿಗಿಯಾಗಿ ಹಾಕಿ ಎಲ್ಲರಿಗೂ ಮುಟ್ಟಿಸುವುದರಲ್ಲಿ ಇರುವುದು ಕೈಗುಣ. ಈ ಮಾತನ್ನು ಡಿಪ್ಲೊಮಾ ಕಾಲೇಜಿನಲ್ಲಿ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಅವಳ ಕಣ್ಣ ಮುಂದೆ ಮುತ್ತುಗದ ಎಲೆ ಸಾಲಾಗಿ ಹಾಸಿವೆ. ಬೇವಿನ ಮರದ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತ ಅವಳ ಅಪ್ಪ ಹುಲುಗಪ್ಪ ಕುರಿಯ ಮಾಂಸವನ್ನು ಎಲೆಯಿಂದ ಎಲೆಗೆ ಹಾಕುತ್ತಾ ಸಾಗುತ್ತಿದ್ದಾನೆ. ಹೊಸಹಳ್ಳಿ ಹೋಬಳಿಯ ಆ ಊರಿನಲ್ಲಿ ಹತ್ತು ಮನೆಯವರು ಕೂಡಿ ಒಂದು ಕುರಿ ಕೊಯ್ದರೆ ಗುಡ್ಡೆ ಹಾಕಲಿಕ್ಕೆ ಅವನೇ ಬರಬೇಕು. ತೊಡೆಯದಿಷ್ಟು, ಎದೆಗೂಡಿನದಿಷ್ಟು, ಎಲುಬಿನದಿಷ್ಟು, ಕೊನೆಗೆ ಪ್ರತಿ ಗುಡ್ಡೆಯ ನೆತ್ತಿಗೆ ಉಗುರಗಲ ಕಲೀಜದ, ಅಂದರೆ ಈಲಿಯ ಚೂರು. ಎಲ್ಲರ ಕಣ್ಣೂ ಆ ಕಲೀಜದ ಮೇಲೆ. ತಲೆ ಊರಮ್ಮನ ಪೂಜಾರಿಗೆ, ಚರ್ಮ ಹಲಗೆ ಬಾರಿಸುವವನಿಗೆ, ಅವೆರಡು ಗುಡ್ಡೆಯೊಳಗೆ ಬರುವ ಹಾಗಿಲ್ಲ. ಹಾಕಿ ಮುಗಿದ ಮೇಲೆ ಯಾರಾದರೊಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಅಪ್ಪ ಒಂದು ಗುಡ್ಡೆಗೆ ಬೆರಳಿಟ್ಟು 'ಇದು ಯಾರಿಗೆ?' ಅನ್ನಬೇಕು, ತಿರುಗಿ ನಿಂತವರು ನೋಡದೆ ಒಂದು ಹೆಸರು ಹೇಳಬೇಕು. ಹೆಸರು ಬಿದ್ದವರು ಕಮಕ್ ಕಿಮಕ್ ಅನ್ನದೆ ಎಲೆ ಎತ್ತಿಕೊಂಡು ಮನೆಗೆ ಹೋಗಬೇಕು. ಹಾಕಿದವನಿಗೆ ಕೊನೆಗೆ ಉಳಿದದ್ದು. ಈಗ ಆ ಊರಿಗೂ ಕರೆಂಟಿನ ತಕ್ಕಡಿ ಬಂದಿದೆ, ಆದರೂ ಹಬ್ಬ ಬಂತೆಂದರೆ ಹುಲುಗಪ್ಪನನ್ನು ಕರೆಯಲು ಜನ ಬರುತ್ತಾರೆ, ಅವನೂ ಹೆಗಲ ಮೇಲೆ ಟವೆಲು ಹಾಕಿಕೊಂಡು ಲಗ್ನಕ್ಕೆ ಹೊರಟವನ ಹಾಗೆ ಹೊರಡುತ್ತಾನೆ. ಇದನ್ನೆಲ್ಲ ಸುಜಾತಾ ಯಾರ್ಡಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಣೆ ತುಂಬ ವಿಭೂತಿ ಇಟ್ಟ, ಸೋಮವಾರ ಈರುಳ್ಳಿಯನ್ನೂ ಮುಟ್ಟದ ಜನರ ನಡುವೆ ಕುರಿ, ಕಲೀಜ ಎಂದು ಯಾಕಾದರೂ ಎತ್ತಬೇಕು? ಕೇಳಿದವರೂ ಇರಲಿಲ್ಲ. ಆಟೋ ನಿಂತಿತು.

ಗೇಟಿನಲ್ಲೇ ಸಂಘದ ಕಾರ್ಯದರ್ಶಿ ಮೌನೇಶ್ ಕಾಯುತ್ತಿದ್ದ. ಯಾವಾಗಲೂ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಶಿಸ್ತಾಗಿರುವವನು ಇವತ್ತು ಅದನ್ನು ಬಿಚ್ಚಿಕೊಂಡಿದ್ದ.

"ಎಲ್ಲಿದ್ರಿ ಮೇಡಂ? ಮೂರನೇ ಸಾಲಿನ್ಯಾಗ ಆರೇಳು ಅಂಗಡಿ ಸತ್ತಾವು. ಒಂದನೇ ಸಾಲಿನ್ಯಾಗೂ ಅಷ್ಟ. ಎರಡನೇ ಸಾಲಿನ್ಯಾಗಂತೂ ಬರ್ತಾವ, ಹೋಗ್ತಾವ, ಬರ್ತಾವ, ಹೋಗ್ತಾವ."

"ನಿನ್ನಿ ಸಂಜಿ ಎಲ್ಲಾ ಛಲೋ ಇತ್ತಲ್ರಿ."

"ನಿನ್ನಿ ಇತ್ತು. ಇವತ್ತು ಟೆಂಡರ್ ಐತಿ."

ಆಟೋದಲ್ಲಿ ಬಂದ ನಗು ಎಲ್ಲಿ ಇಳಿದುಹೋಯಿತೋ. ಮೂರನೇ ಸಾಲಿನ ಮುಂದೆ ಜೋಳದ ರಾಶಿಗಳ ನಡುವೆ ಹತ್ತಾರು ಜನ ನಿಂತಿದ್ದರು. ರಾಶಿ ತಂದ ರೈತರು, ಚೀಲ ಹೊಲಿಯಲು ಕಾದ ಹಮಾಲರು, ಒಬ್ಬಿಬ್ಬರು ವರ್ತಕರು. ಅವರ ನಡುವಿನಿಂದ ಕೊಟ್ರಸ್ವಾಮಿ ಮುಂದೆ ಬಂದ. ಮೂರನೇ ಸಾಲಿನಲ್ಲಿ ದೊಡ್ಡ ಅಂಗಡಿ ಅವನದು, ಬಾಯಿಯೂ ಅದೇ ಅಳತೆಯದು.

"ಬರ್ರಿ ಮೇಡಮ್ಮ. ನಿಮ್ಮ ನಕ್ಷೆ ಹೆಂಗ ಮಕ್ಕೊಂಡೈತಿ ನೋಡ್ರಿ ಬರ್ರಿ. ಎಬ್ಬಸ್ರಿ ಅದನ್ನ, ಹೊತ್ತಾತು."

ಜನ ನಕ್ಕರು. ಕೆಟ್ಟ ನಗುವೇನಲ್ಲ, ಸಂತೆಯಲ್ಲಿ ಯಾರೋ ಜಾರಿ ಬಿದ್ದಾಗ ನಗುವಂಥದ್ದು. ಆದರೆ ಬಿದ್ದವರಿಗೆ ಅದರಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಿವಿ ಬಿಸಿಯಾಯಿತು. ನೋಡ್ತೀನಿ ತಾಳ್ರಿ ಎಂದು ತಲೆ ತಗ್ಗಿಸಿ ಸಂಘದ ಕೋಣೆಗೆ ನಡೆದಳು. ಬೆನ್ನ ಹಿಂದೆ ಕೊಟ್ರಸ್ವಾಮಿಯ ದನಿ, "ಹೇಳಿದ್ನಿ ಮೊದ್ಲ, ದೊಡ್ಡೂರಿಂದ ಕರಸ್ರಿ ಅಂತ."

ಕೋಣೆಯೊಳಗೆ ದೀಪ ಮಿಣಮಿಣ ಅನ್ನುವ ಪೆಟ್ಟಿಗೆಗಳೆಲ್ಲ ಆರೋಗ್ಯವಾಗಿದ್ದವು. ಅದೇ ಅವಳನ್ನು ಹೆದರಿಸಿತು. ತಂತಿ ಕಡಿದಿದ್ದರೆ ತಂತಿಯ ತಪ್ಪು, ಪೆಟ್ಟಿಗೆ ಸುಟ್ಟಿದ್ದರೆ ಕರೆಂಟಿನ ತಪ್ಪು. ಎಲ್ಲ ನೆಟ್ಟಗಿದ್ದೂ ಕೆಟ್ಟಿದೆಯೆಂದರೆ ತಪ್ಪು ಪಾಲಿನಲ್ಲೇ ಇರಬೇಕು, ಅಂದರೆ ತನ್ನಲ್ಲೇ. ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಮತ್ತೆ ಕತ್ತರಿಸತೊಡಗಿದಳು. ಸೊನ್ನೆಯಿಂದ ಅರವತ್ತಮೂರು ಒಂದನೇ ಸಾಲಿಗೆ. ಅರವತ್ತನಾಲ್ಕರಿಂದ ನೂರ ಇಪ್ಪತ್ತೇಳು ಎರಡನೆಯದಕ್ಕೆ. ನೂರ ಇಪ್ಪತ್ತೆಂಟರಿಂದ ನೂರ ತೊಂಬತ್ತೊಂದು ಮೂರನೆಯದಕ್ಕೆ. ಉಳಿದದ್ದು ನಾಲ್ಕನೆಯದಕ್ಕೆ. ಸರಿಯಿತ್ತು. ಸರಿಯಿತ್ತು ಅಂತ ತಾನು ಅಂದುಕೊಳ್ಳುವುದಕ್ಕೂ ಸರಿಯಿರುವುದಕ್ಕೂ ನಡುವೆ ಎಷ್ಟು ದೂರ? ಕಾಲೇಜಿನಲ್ಲಿ ಮೇಷ್ಟರು ಬೋರ್ಡಿನ ಮೇಲೆ ಲೆಕ್ಕ ಬರೆದು ಸೀಮೆಸುಣ್ಣ ಕೆಳಗಿಡುವುದರೊಳಗೆ ಉತ್ತರ ಹೇಳಿದ್ದಕ್ಕೆ, ಯಾರಿಂದ ಕಾಪಿ ಹೊಡೆದೆ ಎಂದಿದ್ದರು. ಎಲ್ಲರೂ ತಿರುಗಿ ನೋಡಿದ್ದರು. ಅವತ್ತು ಎದ್ದು ನಿಂತು ಇನ್ನೊಂದು ಲೆಕ್ಕ ಕೊಡಿ ಅಂದಿದ್ದಳು, ಅದನ್ನೂ ಮಾಡಿ ಕೂತಿದ್ದಳು, ಮೇಷ್ಟರು ಹೂಂ ಅಂದಿದ್ದರು ಅಷ್ಟೆ. ಆ ಹೂಂ ಅನ್ನು ಇವತ್ತಿಗೂ ಬಿಚ್ಚಿ ಬಿಚ್ಚಿ ನೋಡುತ್ತಾಳೆ. ಇವತ್ತು ಯಾರಾದರೂ ಇನ್ನೊಂದು ಲೆಕ್ಕ ಕೊಟ್ಟರೆ ಸಾಕಿತ್ತು, ಇರುವ ಲೆಕ್ಕವೇ ತನ್ನನ್ನು ನುಂಗುತ್ತಿದೆ ಅನಿಸಿತು.

ಮೌನೇಶ್ ಬಾಗಿಲಲ್ಲಿ ಇಣುಕಿದ. "ಅಧ್ಯಕ್ಷರು ಕರ್ಯಾಕತ್ತಾರ."

ಶಿವಯೋಗಪ್ಪನವರ ಅಂಗಡಿ ಎರಡನೇ ಸಾಲಿನ ತಲೆಬಾಗಿಲಿನಲ್ಲಿತ್ತು. ಬಿಳಿ ಧೋತರ, ಹಣೆಗೆ ಮೂರೆಳೆ ವಿಭೂತಿ, ಯಾರನ್ನೂ ದನಿ ಎತ್ತಿ ಕರೆದವರಲ್ಲ. ಮೇಜಿನ ಮೇಲೆ ಕಲ್ಯಾಣಮ್ಮನ ಚಹಾ ಆಗಲೇ ಬಂದು ಕೂತಿತ್ತು. ಕಲ್ಯಾಣಮ್ಮ ಉಜ್ಜಿನಿ ಕಡೆಯಿಂದ ಬಂದು ಯಾರ್ಡಿನಲ್ಲಿ ಚಹಾ ಮಾರುವವಳು. ಯಾವ ಅಂಗಡಿಯವರಿಗೆ ಸಕ್ಕರೆ ಎಷ್ಟು, ಯಾರಿಗೆ ಯಾರ ಮೇಲೆ ಸಿಟ್ಟು ಎಷ್ಟು, ಎರಡೂ ಅವಳಿಗೆ ಬಾಯಿಪಾಠ.

"ಕುಂದ್ರು ತಾಯಿ. ಮೊದ್ಲು ಚಾ ಕುಡಿ. ಮಷೀನ್ ಅಂದ್ಮ್ಯಾಲೆ ಕೆಡ್ತಾವ, ಗಾಬ್ರಿ ಆಗಬ್ಯಾಡ," ಎಂದರು ಶಿವಯೋಗಪ್ಪ. ಗಾಬರಿಯಾಗಬೇಡ ಎಂದವರ ಕಣ್ಣು ಮಾತ್ರ ಗಡಿಯಾರದ ಮೇಲಿತ್ತು. "ಕಮಿಟಿಯವ್ರು ಕೇಳಾಕತ್ತಾರ. ಇಷ್ಟು ಮಂದೀನ ನಾಕು ಪಾಲು ಮಾಡಿದಾಕಿ, ಎಲ್ಲಿ ಕಲ್ತಾಳ ಅಂತ. ಎಲ್ಲಿ ಕಲ್ತಿ?"

"ದಾವಣಗೆರಿ ಡಿಪ್ಲೊಮಾ ಕಾಲೇಜಿನ್ಯಾಗ್ರಿ."

ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಸರ್ಟಿಫಿಕೇಟು ಅಲ್ಲಿಯದೇ. ಆದರೂ ನಾಲಿಗೆಯ ತುದಿಗೆ ಬಂದ ಒಂದು ಹೆಸರನ್ನು ಚಹಾದ ಜೊತೆ ನುಂಗಿದ ಹಾಗಾಯಿತು. ಮುಖ ಮರೆಸಲು ಅವರ ಕಂಪ್ಯೂಟರಿನ ಕಡೆ ತಿರುಗಿದಳು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಎಚ್ಚರಿಕೆ: ಈ ವಿಳಾಸವನ್ನು ಇನ್ನೊಂದು ಯಂತ್ರವೂ ಬಳಸುತ್ತಿದೆ.

ಚಹಾದ ಲೋಟ ಕೆಳಗಿಟ್ಟಳು. ಶಿವಯೋಗಪ್ಪನವರ ನಂಬರು ನೂರೊಂದು. ಅದು ಅವರ ಪಾಲಿಗೆ ತಾನಾಗಿ ಬಿದ್ದದ್ದಲ್ಲ. ಹೋದ ವಾರ ನಂಬರು ಹಂಚುವಾಗ ಬಾಗಿಲಲ್ಲಿ ನಿಂತು, ಏನಿಲ್ಲ ತಾಯಿ, ಮುಯ್ಯಿ ಹಾಕೋವಾಗ ನೂರೊಂದು ಹಾಕ್ತೀವಲ್ಲ, ಹಂಗ ನನ್ನ ಮಷೀನಿಗೂ ಆ ನಂಬರ್ ಆದ್ರ ಮನಸಿಗೆ ಸಮಾಧಾನ, ನಿನಗ ಅನುಕೂಲ ಇದ್ರ ಮಾತ್ರ, ಎಂದಿದ್ದರು. ಎಷ್ಟು ಮೆತ್ತಗೆ ಕೇಳಿದರು ಅಂದರೆ, ಕೊಡುವುದಿಲ್ಲ ಅನ್ನುವುದಕ್ಕೆ ಇವಳ ಹತ್ತಿರ ಅಷ್ಟು ಮೆತ್ತಗಿನ ಮಾತು ಇರಲಿಲ್ಲ. ನೂರೊಂದು ಎರಡನೇ ಸಾಲಿನ ಗುಡ್ಡೆಯಲ್ಲೇ ಇತ್ತು. ಬೇರೆ ಅಂಗಡಿಗೆ ಬರೆದಿದ್ದನ್ನು ಹೊಡೆದು ಅವರಿಗೆ ಹಾಕಿದ್ದಳು. ಲೆಕ್ಕ ಕೆಡಲಿಲ್ಲವಲ್ಲ, ಒಂದರ ಬದಲು ಇನ್ನೊಂದು ಅಷ್ಟೇ ತಾನೇ. ಆದರೆ ಆ ರಾತ್ರಿ ಅನ್ನ ಸರಿಯಾಗಿ ಸೇರಿರಲಿಲ್ಲ.

ಈಗ ಅಂಗಡಿಯಿಂದ ಅಂಗಡಿಗೆ ನಡೆದಳು. ಮೊದಲು ಕೊಟ್ರಸ್ವಾಮಿಯದು. ಅವನು ಗಾದಿಯ ಮೇಲೆ ಕಾಲು ಮಡಚಿಕೊಂಡು, ಡಾಕ್ಟರಿಗೆ ಕೈ ಕೊಡುವವನಂತೆ ಮೌಸನ್ನು ಅವಳ ಕಡೆ ತಳ್ಳಿದ. ನಂಬರಿನ ಕಿಟಕಿ ತೆರೆದಳು. ಅವನಿಗೆ ಅವಳು ಕೊಟ್ಟಿದ್ದು ನೂರ ನಲವತ್ತು. ಅಲ್ಲಿ ಕೂತಿದ್ದು ನೂರೊಂದು.

"ಇದನ್ನ ಯಾರು ಬದ್ಲಿ ಮಾಡಿದ್ರು ಅಣ್ಣಾರ?"

ಕೊಟ್ರಸ್ವಾಮಿ ಒಂದು ಗಳಿಗೆ ಗೋಡೆ ನೋಡಿದ. ಆಮೇಲೆ ಮುಚ್ಚಿಡುವುದೇನು ಅನ್ನುವವನ ಹಾಗೆ ನೆಟ್ಟಗೆ ಕೂತ.

"ನಾನ ಮಾಡೀನಿ. ಏನೀಗ? ನನಗ ನೂರಾ ನಲ್ವತ್ತು ಕೊಟ್ಟಿ, ಕೊನಿಗೆ ಸೊನ್ನಿ. ಮೊದ್ಲನೇ ದಿನದ ಯಾಪಾರ ಸೊನ್ನಿ ಮ್ಯಾಲೆ ಯಾರರ ಮಾಡ್ತಾರೇನವ್ವ? ಮದುವಿಗೆ ನೂರು ರೂಪಾಯಿ ಹಾಕಿದ್ರೂ ಮ್ಯಾಲೊಂದು ಇಟ್ಟು ಕೊಡ್ತೀವಿ ನಾವು."

ಮುಂದಿನ ಅಂಗಡಿಯಲ್ಲೂ ನೂರೊಂದು. ಅದರಾಚೆ ಆಂಧ್ರದ ಬೀಗರಿದ್ದವರ ಅಂಗಡಿಯಲ್ಲಿ ನೂರ ಹದಿನಾರು, ಆ ಕಡೆಯ ಮುಯ್ಯಿಯ ಲೆಕ್ಕ. ಒಂದನೇ ಸಾಲಿನಲ್ಲಿ ಮೂರು ನೂರೊಂದು, ಒಂದು ನೂರೆಂಟು. ಶಿವಯೋಗಪ್ಪನವರ ಎರಡನೇ ಸಾಲಿನಲ್ಲಿ ಕನಕರಾಜ ಎಂಬ ಸಣ್ಣ ವರ್ತಕನ ಹತ್ತಿರವೂ ನೂರೊಂದು, ಅದಕ್ಕೇ ಅವೆರಡೂ ಒಂದನ್ನೊಂದು ತಳ್ಳಾಡುತ್ತಾ ಬಂದು ಹೋಗಿ ಮಾಡುತ್ತಿದ್ದವು. ಬೇರೆ ಸಾಲಿನವರದ್ದು ಇನ್ನೂ ಸರಳ: ತಮ್ಮ ಗುಡ್ಡೆ ಬಿಟ್ಟು ಪಕ್ಕದ ಸಾಲಿನ ಗುಡ್ಡೆಯ ನಂಬರು ಹಚ್ಚಿಕೊಂಡಿದ್ದಕ್ಕೆ ಅವರ ಯಂತ್ರಗಳಿಗೆ ತಮ್ಮದೇ ಸಾಲಿನ ಬಾಗಿಲು ಕಾಣದೆ ಹೋಗಿತ್ತು. ಯಾರಿಗೂ ಯಾರೂ ಹೇಳಿರಲಿಲ್ಲ. ಒಬ್ಬೊಬ್ಬರೂ ಬೆಳಿಗ್ಗೆ ಬಂದು ಊದಿನಕಡ್ಡಿ ಹಚ್ಚಿ, ದೇವರಿಗೆ ಕೈಮುಗಿದು, ಗುಟ್ಟಾಗಿ ಒಂದು ಒಳ್ಳೆಯ ನಂಬರು ಇಟ್ಟುಕೊಂಡು, ಇದು ನನಗೊಬ್ಬನಿಗೇ ಹೊಳೆದದ್ದು ಎಂದು ಖುಷಿಪಟ್ಟಿದ್ದರು. ಸುಜಾತಾಳಿಗೆ ಜೋಳದ ರಾಶಿಗಳ ನಡುವೆ ನಿಂತು ಗಟ್ಟಿಯಾಗಿ ನಗಬೇಕೆನಿಸಿತು. ನಕ್ಷೆ ಸರಿಯಿತ್ತು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಎದೆ ಉಬ್ಬಿ ಕುಪ್ಪಸ ಬಿಗಿಯಾದ ಹಾಗಾಯಿತು. ದೊಡ್ಡೂರಿನವರು ಬಂದಿದ್ದರೂ ಇವರ ನೂರೊಂದಕ್ಕೆ ಏನು ಮಾಡುತ್ತಿದ್ದರು?

ಹೋಗಿ ಕೊಟ್ರಸ್ವಾಮಿಗೆ ಅಂದಳು, ಎಲ್ಲರಿಗೂ ಕೇಳುವ ಹಾಗೆ, "ನಕ್ಷೆದಾಗ ಏನೂ ತಪ್ಪಿಲ್ರಿ. ನಿಮ್ಮ ನಂಬರ್ ನೀವು ಇಟ್ಕೊಂಡಿದ್ರ ಇಷ್ಟು ಆಗ್ತಿರ್ಲಿಲ್ಲ."

"ಹೌದನ? ಹಂಗಾರ ಅಧ್ಯಕ್ಷರಿಗೆ ನೂರೊಂದು ಹೆಂಗ ಹೋತು? ಕಲ್ಯಾಣಮ್ಮ ಈಗ ಹೇಳಿದ್ಲು." ಕೊಟ್ರಸ್ವಾಮಿಯ ದನಿ ಈ ಸಲ ಏರಿರಲಿಲ್ಲ. "ತಾನಾಗೇ ನಡ್ಕೊಂಡು ಹೋತೋ, ಯಾರರ ಕೈಹಿಡ್ಕೊಂಡು ಹೋದ್ರೋ?"

ಸುಜಾತಾಳ ಉಬ್ಬಿದ್ದ ಎದೆಯಿಂದ ಗಾಳಿ ಹೋಯಿತು. ಅವನ ಕಣ್ಣಿನಲ್ಲಿದ್ದದ್ದು ಚೇಷ್ಟೆಯಲ್ಲ, ನೋವು. ದೊಡ್ಡ ಬಾಯಿಯ ಹಿಂದೆ ಕೂತ ಒಂದು ಸಣ್ಣ ನೋವು: ಹಂಚುವವಳು ತನ್ನ ಕಡೆ ನೋಡದೆ ಹಂಚಿದಳು ಅನ್ನುವುದು. ಸುಜಾತಾ ಆ ನೋವನ್ನು ಬಲ್ಲಳು. ಶಾಲೆಯಲ್ಲಿ ಬಿಸಿಯೂಟದ ಸಾರು ಬಡಿಸುವಾಗ ಸೌಟು ತನ್ನ ತಟ್ಟೆಯ ಹತ್ತಿರ ಬಂದಾಗಲೇ ಯಾಕೆ ತಿಳಿಯಾಗುತ್ತದೆ ಎಂದು ದಿನಾ ನೋಡಿದವಳು. ಅಂಥವಳೇ ದೊಡ್ಡವರ ಗುಡ್ಡೆಯ ಮೇಲೆ ಒಂದು ಚೂರು ಕಲೀಜ ಹೆಚ್ಚಿಗೆ ಇಟ್ಟಿದ್ದಳು. ಛೀ ಅನಿಸಿತು. ಯಾರೂ ಉಗುಳದಿದ್ದರೂ ಮುಖ ಒರೆಸಿಕೊಳ್ಳಬೇಕೆನಿಸಿತು. ಸಣ್ಣವಳಿದ್ದಾಗ ಕಂಡದ್ದು ಕಣ್ಣಿಗೆ ಕಟ್ಟಿತು: ಬೇವಿನ ಮರದ ಕೆಳಗೆ ಗುಡ್ಡೆಗಳೆಲ್ಲ ಹಾಕಿ ಮುಗಿದಿವೆ, ಊರಿನ ದೊಡ್ಡ ಮನೆಯ ಆಳು ಬಂದು ಅಪ್ಪನ ಕಿವಿಯಲ್ಲಿ ಏನೋ ಹೇಳಿ, ಒಂದು ಗುಡ್ಡೆಗೆ ಕಣ್ಣಲ್ಲೇ ಗುರುತು ಹಾಕುತ್ತಿದ್ದಾನೆ. ಅಪ್ಪ ಏನೂ ಅನ್ನುವುದಿಲ್ಲ. ಎರಡೂ ಕೈಯಿಂದ ಅಷ್ಟೂ ಎಲೆಯ ಮಾಂಸವನ್ನು ಬಾಚಿ ಒಟ್ಟು ಸೇರಿಸಿ, ಕಲಸಿ, ಮತ್ತೆ ಮೊದಲಿನಿಂದ ಹಾಕಲು ಕೂರುತ್ತಾನೆ. ಬಿಸಿಲು ನೆತ್ತಿಗೆ ಬಂದಿದೆ, ಜನ ಗೊಣಗುತ್ತಿದ್ದಾರೆ, ಮಕ್ಕಳು ಹಸಿದಿದ್ದಾರೆ. ಅವತ್ತು ಮನೆಗೆ ಬರುವ ದಾರಿಯಲ್ಲಿ ಅಪ್ಪ ಅಂದಿದ್ದ, "ಗುಡ್ಡಿ ಯಾರು ಬೇಕಾದ್ರೂ ಹಾಕ್ತಾರವ್ವಿ. ಹಾಕಿದ್ದನ್ನ ಕಲಸಾಕ ಎದಿ ಬೇಕು."

ಎರಡು ದಾರಿ ಇದ್ದವು. ಎಲ್ಲರ ನಂಬರನ್ನೂ ಹಳೆಯ ಹಾಗೆ ತಿದ್ದಿ ಕೂರಿಸುವುದು. ಗಳಿಗೆಯಲ್ಲಿ ಆಗುತ್ತದೆ, ನಕ್ಷೆಯ ಮಾನ ಉಳಿಯುತ್ತದೆ, ತಪ್ಪೆಲ್ಲ ವರ್ತಕರದೇ ಆಗುತ್ತದೆ. ನಾಳೆ ಬೆಳಿಗ್ಗೆ ಊದಿನಕಡ್ಡಿ ಹಚ್ಚಿದ ಕೂಡಲೇ ಮತ್ತೆ ಬದಲಾಯಿಸುತ್ತಾರೆ, ಅದು ಬೇರೆ ಮಾತು. ಇನ್ನೊಂದು, ತನ್ನ ಚಂದದ, ಬಿಗಿಯಾದ, ಒಂದೇ ಒಂದು ನಂಬರು ಮಿಕ್ಕ ನಕ್ಷೆಯನ್ನು ಕಲಸುವುದು. ಗೋಮಾಳಕ್ಕೆ ಬೇಲಿ ಹಾಕಿ ಕೂತಿದ್ದವಳು ತಾನೇ. ಸಾಲಿಗೊಂದು ಪೂರಾ ಇನ್ನೂರ ಐವತ್ತಾರರ ಗುಡ್ಡೆ ಕೊಟ್ಟರೆ ನಾಲ್ಕೂ ಸಾಲಿಗೆ ನಾಲ್ಕು ನೂರೊಂದು ಬರುತ್ತವೆ. ಕೊನೆಯದರ ಹಿಂದಿನ ಅಂಕಿ ಸಾಲಿಗೊಂದು ಬೇರೆಯಾದ್ದರಿಂದ ಒಂದಕ್ಕೊಂದು ತಾಗುವುದಿಲ್ಲ. ನೂರೊಂದಷ್ಟೇ ಅಲ್ಲ, ನೂರ ಹದಿನಾರು, ನೂರ ಐವತ್ತೊಂದು, ಇನ್ನೂರ ಒಂದು, ಬೇಕಾದಷ್ಟು ಒಳ್ಳೆಯ ನಂಬರು. ಕಲೀಜ ಇಲ್ಲದ ಗುಡ್ಡೆಯೇ ಇರುವುದಿಲ್ಲ. ಯಾರಿಗೆ ಯಾವುದು ಎಂಬುದೊಂದು ಉಳಿಯಿತು. ಅದಕ್ಕೆ ಏನು ಮಾಡಬೇಕೆಂದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು.

ಮೌನೇಶನಿಗೆ ಹೇಳಿದಾಗ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಟೆಂಡರ್ ಮುಂದಿಟ್ಕೊಂಡು ಇಡೀ ನಕ್ಷೆ ಬದ್ಲಿ ಮಾಡ್ತೀರೇನ್ರಿ? ತಲಿ ನೆಟ್ಟಗೈತಿಲ್ಲೋ?"

"ಕೊನಿ ಅಂಕಿ ಇದ್ದಂಗ ಇರ್ಲಿ. ಅದರ ಹಿಂದಿನ ಮೂವತ್ತು ಇತ್ತಲ್ಲ, ಒಂದನೇ ಸಾಲಿನೋರು ಮೂವತ್ತೊಂದು ಮಾಡ್ಕೋಬೇಕು, ಎರಡನೇ ಸಾಲಿನೋರು ಮೂವತ್ತೆರಡು, ಹಂಗ. ಬಾಗಿಲು ನಾನು ಬದ್ಲಿ ಮಾಡ್ತೀನಿ. ಯಂತ್ರ ನೋಡ್ಕೊಳ್ಳಾ ಹುಡುಗ್ರನ್ನ ಸಾಲಿಗಿಬ್ರನ್ನ ಹಚ್ರಿ, ಆಗ್ತೈತಿ."

ಆಮೇಲೆ ಶಿವಯೋಗಪ್ಪನವರ ಅಂಗಡಿಗೆ ಹೋಗಿ, ಕೂರು ಅಂದರೂ ಕೂರದೆ ನಿಂತಳು. ಕೊಟ್ಟೂರು, ಹಡಗಲಿಯ ಕೆಲಸಕ್ಕೆ ಸಹಿ ಹಾಕಬೇಕಾದ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು.

"ಅಪ್ಪಾರ, ನಿಮ್ಮ ನೂರೊಂದು ವಾಪಸ್ ಕೊಡಬೇಕ್ರಿ."

"ಕೊಟ್ಟಿದ್ದನ್ನ ತಿರುಗಿ ಕೇಳ್ತಾರೇನು ತಾಯಿ?"

"ನಾನು ಕೊಟ್ಟಿದ್ದ ತಪ್ಪಾತ್ರಿ. ಎಲ್ಲಾರ ಜೋಡಿ ಗುಂಪಿನ್ಯಾಗ ಹಾಕ್ತೀನಿ. ನಿಮಗ ಬಂದ್ರ ನಿಮಗ."

ಶಿವಯೋಗಪ್ಪನವರ ಮುಖ ಕೆಂಪಾಗಲಿಲ್ಲ, ಬಿಳಿಚಲಿಲ್ಲ. ಬಾಗಿಲು ಹಾಕಿಕೊಂಡ ಹಾಗೆ ಮುಚ್ಚಿಕೊಂಡಿತು. ಇಲ್ಲಿಗೆ ಮುಗಿಯಿತು ಎಂದುಕೊಂಡಳು. ಆದರೂ ಹಿಂದೆ ಸರಿಯಲಿಲ್ಲ. ಮುಗಿದರೆ ಮುಗಿಯಲಿ, ಹೋದ ವಾರ ಹಾಕಿದ ತಪ್ಪು ಗುಡ್ಡೆ ಕಲಸಿದ ಹಾಗಾಯಿತಲ್ಲ. ಕೊನೆಗೆ ಅವರು ಧೋತರ ಸರಿಮಾಡಿಕೊಂಡು ಎದ್ದರು. "ನಡಿ. ಎಲ್ಲಿ ನಿಂದ್ರಬೇಕು ಹೇಳು," ಎಂದರು.

ಸಂಘದ ಕೋಣೆಯ ಹೊರಗೋಡೆಗೆ ದಿನದ ಧಾರಣೆ ಬರೆಯುವ ಬೋರ್ಡು ತೂಗುಹಾಕಿತ್ತು. ನಂಬರು ಬದಲಾಯಿಸಿಕೊಂಡಿದ್ದವರೆಲ್ಲ ಸೇರಿದರು. ಗುಟ್ಟು ಬಯಲಾದ ಸಂಕೋಚಕ್ಕೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸುಜಾತಾ ಧಾರಣೆ ಅಳಿಸಿ ನಾಲ್ಕು ಸಾಲಿಗೆ ನಾಲ್ಕು ಗುಂಪು ಬರೆದಳು. ಪ್ರತಿ ಗುಂಪಿನಲ್ಲೂ ಒಂದು ನೂರೊಂದು, ಅದರ ಸುತ್ತ ಮನಸ್ಸಿಗೆ ಸಮಾಧಾನ ಕೊಡುವ ಇನ್ನಷ್ಟು. ಒಂದರಲ್ಲೂ ಕೊನೆಗೆ ಸೊನ್ನೆಯಿಲ್ಲ. ಬರೆಯುವಾಗ ಕೈ ಎಷ್ಟು ನಿಧಾನವಾಗಿ, ಎಷ್ಟು ಸಮನಾಗಿ ಸಾಗುತ್ತಿತ್ತೆಂದರೆ ಅದು ತನ್ನದೇ ಕೈಯೋ ಅಲ್ಲವೋ ಅನಿಸಿತು. ಆಮೇಲೆ ಚಹಾದ ಕೆಟಲ್ ಹಿಡಿದು ಹೋಗುತ್ತಿದ್ದ ಕಲ್ಯಾಣಮ್ಮನನ್ನು ಕರೆದಳು.

"ಕಲ್ಯಾಣಮ್ಮ, ಚೂರು ಇಲ್ಲಿ ಬಾರಬೇ. ಬೋರ್ಡಿನ ಕಡೆ ಬೆನ್ನು ಮಾಡಿ ನಿಂದ್ರು. ಯಾವ ಸಾಲು ಅಂತ ನಾನು ಹೇಳ್ತೀನಿ. 'ಇದು ಯಾರಿಗೆ' ಅಂದ್ರ, ಆ ಸಾಲಿನ್ಯಾಗ ಇಲ್ಲಿ ನಿಂತೋರ್ದು ಒಂದು ಹೆಸರು ಹೇಳು. ತಿರುಗಿ ನೋಡಬ್ಯಾಡ."

ಕಲ್ಯಾಣಮ್ಮ ಕೆಟಲ್ ಕೆಳಗಿಟ್ಟು, ಸೊಂಟದ ಮೇಲೆ ಕೈ ಇಟ್ಟು, ಬಾಯಿ ತುಂಬ ನಕ್ಕಳು. "ಅಯ್ಯ, ಗುಡ್ಡಿ ಹಾಕಾಕತ್ತೀಯೇನವ್ವ ತಂಗಿ? ಎಷ್ಟು ವರ್ಷ ಆಗಿತ್ತು ನೋಡಿ."

ಇಡೀ ಯಾರ್ಡಿಗೆ ಕೇಳಿತು. ಕೆಲವು ಹಮಾಲರು ಕಿಸಕ್ಕೆಂದರು, ಅವರಿಗೆ ಗೊತ್ತಿತ್ತು. ವರ್ತಕರಲ್ಲಿ ಗೊತ್ತಿದ್ದವರು ಮೂಗು ತುರಿಸಿಕೊಂಡರು, ಗೊತ್ತಿಲ್ಲದವರು ಗೊತ್ತಿದ್ದವರ ಮುಖ ನೋಡಿದರು. ಸುಜಾತಾಳ ಕಿವಿ ಬೆಳಿಗ್ಗೆಯ ಹಾಗೆಯೇ ಬಿಸಿಯಾಯಿತು. ಏನೋ ಒಂದು ಹೇಳಿ ಹಾರಿಸಬಹುದಿತ್ತು. ಲಾಟರಿ ಅನ್ನಬಹುದಿತ್ತು.

"ಹೂನಬೇ," ಎಂದಳು. "ಗುಡ್ಡಿನ. ತಿರುಗಿ ನಿಂದ್ರು."

ಮೂರನೇ ಸಾಲಿನ ನೂರೊಂದರ ಮೇಲೆ ಬೆರಳಿಟ್ಟು, ಇದು ಯಾರಿಗೆ ಎಂದಳು. ಕಲ್ಯಾಣಮ್ಮ ಆಕಾಶ ನೋಡುತ್ತಾ ಒಂದು ಹೆಸರು ಹೇಳಿದಳು, ಕೊಟ್ರಸ್ವಾಮಿಯ ಪಕ್ಕದ ಅಂಗಡಿಯವನದು. ನೂರ ಹನ್ನೊಂದು ಕೊಟ್ರಸ್ವಾಮಿಗೆ. ಅವನು ಬಾಯಿ ತೆರೆದ. ಸುತ್ತ ನಿಂತವರು ಸುಮ್ಮನೆ ಅವನನ್ನು ನೋಡಿದರು. "ಇರ್ಲಿ ಬಿಡು, ಮೂರು ಒಂದು ಅದಾವು," ಎಂದು ಬಾಯಿ ಮುಚ್ಚಿದ. ಎರಡನೇ ಸಾಲಿನ ನೂರೊಂದು ಸಣ್ಣ ವರ್ತಕ ಕನಕರಾಜನಿಗೆ ಬಿತ್ತು. ಅವನು ಹೆದರಿ ಅಧ್ಯಕ್ಷರ ಕಡೆ ನೋಡಿದ, ಬೇಡ ಅನ್ನಲು ಕೈ ಎತ್ತಿದ. ಸುಜಾತಾ ಅವನ ಹೆಸರು ಬರೆದುಬಿಟ್ಟಳು. ನೂರ ಐವತ್ತೊಂದು ಶಿವಯೋಗಪ್ಪನವರಿಗೆ. ಅವರು ತಲೆಯಾಡಿಸಿದರು. ಹೆಸರು ಬಿದ್ದವರೆಲ್ಲ, ಎಲೆ ಎತ್ತಿಕೊಂಡು ಮನೆಗೆ ಹೋಗುವವರ ಹಾಗೆ, ತಮ್ಮ ತಮ್ಮ ಅಂಗಡಿಗೆ ಹೋದರು. ಒಬ್ಬನೂ ಕಮಕ್ ಅನ್ನಲಿಲ್ಲ.

ಮಧ್ಯಾಹ್ನ ಟೆಂಡರ್ ಶುರುವಾದಾಗ ಅವಳು ಕೋಣೆಯೊಳಗೆ ಮೂರನೇ ಸಾಲಿನ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಒಂದೊಂದೇ ಅಂಗಡಿಯ ಹೆಸರು ಪರದೆಯ ಮೇಲೆ ಹಸಿರಾಗುತ್ತಾ ಬಂತು. ಒಂದನೇ ಸಾಲು, ಎರಡನೆಯದು, ನಾಲ್ಕನೆಯದು. ಮೂರನೆಯದರಲ್ಲಿ ಕೊಟ್ರಸ್ವಾಮಿಯದು ಕೊನೆಗೆ. ಯಾವುದೂ ಹೋಗಿ ಬರಲಿಲ್ಲ. ದರ ಬಂದವು, ಮುಚ್ಚಿದವು, ಮೌನೇಶ್ ಬಿಚ್ಚಿದ್ದ ಗುಂಡಿ ಹಾಕಿಕೊಂಡು ಹೊರಗೆ ಹೋಗಿ ಗೆದ್ದ ದರಗಳನ್ನು ಓದಿದ. ರೈತರು ರಾಶಿಯ ಮೇಲಿನಿಂದ ಎದ್ದರು, ಹಮಾಲರು ಚೀಲ ಹೊಲಿಯಲು ಕೂತರು. ಅವಳಿಗೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಅದು ಬೇಕೂ ಇರಲಿಲ್ಲ. ಬೆಳಿಗ್ಗೆ ಆಟೋದಲ್ಲಿದ್ದ ಹೆಮ್ಮೆ ಮಿಕ್ಕ ಒಂದು ನಂಬರಿನದ್ದು. ಈಗಿನದು ಬೇರೆ, ಹೊಟ್ಟೆ ತುಂಬಿದಂಥದ್ದು.

ಶಿವಯೋಗಪ್ಪ ಬಂದು ಬಾಗಿಲಲ್ಲಿ ನಿಂತರು, ಹಿಂದೆ ಕೊಟ್ರಸ್ವಾಮಿ.

"ಕೊಟ್ಟೂರಿನೋರಿಗೆ ಫೋನ್ ಮಾಡೀನಿ. ಸೋಮಾರ ಹೋಗಿ ಯಾರ್ಡ್ ನೋಡಿ ಬಾ," ಎಂದರು ಶಿವಯೋಗಪ್ಪ. ಹೋಗಲು ತಿರುಗಿದವರು ನಿಂತರು. "ಕಲ್ಯಾಣಮ್ಮ ಏನೋ ಗುಡ್ಡಿ ಅಂದ್ಲಲ್ಲ. ಅದನ್ನೂ ಡಿಪ್ಲೊಮಾದಾಗ ಹೇಳಿಕೊಡ್ತಾರೇನು?"

ಸುಜಾತಾ ಲ್ಯಾಪ್‌ಟಾಪಿನಿಂದ ಕೈ ತೆಗೆದು ಅವರ ಕಡೆ ತಿರುಗಿದಳು.

"ಇಲ್ರಿ. ಬೆಳಗ್ಗೆ ನಾನು ಅರ್ಧ ಹೇಳಿದ್ನಿ. ಪಾಲು ಮಾಡಾದು ನಮ್ಮಪ್ಪನ ಹತ್ರ ಕಲ್ತಿದ್ದು. ಹೊಸಹಳ್ಳಿ ಕಡಿ ಹುಲುಗಪ್ಪ ಅಂತ. ಕುರಿ ಕೊಯ್ದಾಗ ಮಾಂಸದ ಗುಡ್ಡಿ ಹಾಕ್ತಾನ್ರಿ. ಅವನು ಹಾಕಿದ ಗುಡ್ಡಿ ಮುಂದ ಇವತ್ತಿನ ತನಕ ಯಾರೂ ತಕ್ಕಡಿ ತಂದಿಲ್ಲ."

ಮಾತು ಮುಗಿದ ಮೇಲೂ ಅವಳು ತಲೆ ತಗ್ಗಿಸಲಿಲ್ಲ. ಶಿವಯೋಗಪ್ಪ ಹಣೆಯ ವಿಭೂತಿಯನ್ನು ಬೆರಳಿನಿಂದ ಮುಟ್ಟಿಕೊಂಡರು, ಅದು ಅಲ್ಲಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ. ಹೊರಗೆ ಚೀಲ ಹೊಲಿಯುವ ದಬ್ಬಳ ಸರ್ ಸರ್ ಎನ್ನುತ್ತಿತ್ತು.

"ಎಲ್ಲಾರಿಗೂ ಹಾಕಿದ ಮ್ಯಾಲೆ," ಎಂದು ಕೇಳಿದರು ಕೊನೆಗೆ, "ಹಾಕಿದೋರಿಗೆ ಯಾವ್ದು?"

"ಉಳಿದದ್ದು ರೀ."

ಅವಳ ಲ್ಯಾಪ್‌ಟಾಪಿಗೂ ಹೊಸ ಗುಡ್ಡೆಯಲ್ಲಿ ಒಂದು ನಂಬರು ಬೇಕಿತ್ತು. ಕೋಣೆ ಮೂರನೇ ಸಾಲಿಗೆ ಸೇರಿದ್ದು. ಅಲ್ಲಿ ಬೇಕಾದಷ್ಟು ನಂಬರು ಖಾಲಿ ಇದ್ದವು, ಯಾವುದನ್ನು ಹಾಕಿಕೊಂಡರೂ ಕೇಳುವವರಿರಲಿಲ್ಲ. ಸುಜಾತಾ ಕೊಟ್ರಸ್ವಾಮಿ ನೋಡುತ್ತಿರುವಾಗಲೇ, ಅವನು ಬೇಡವೆಂದು ಬಿಟ್ಟುಹೋದ ನೂರ ನಲವತ್ತನ್ನು ಬರೆದು ಒತ್ತಿದಳು. ದೀಪ ಹಸಿರಾಯಿತು.